ಹತ್ತಿ ಹೊಲದ ನಂಜು, ಹುಳುಮನೆಯ ಪ್ರಶ್ನೆ

ಗುಂಡ್ಲುಪೇಟೆ, ಚಾಮರಾಜನಗರದ ಬೀಜ-ಗೊಬ್ಬರದ ಅಂಗಡಿಗಳಲ್ಲಿ ಒಂದೇ ಬ್ಯಾಕ್ಟೀರಿಯಾದ ವಿಷ ಎರಡು ವೇಷದಲ್ಲಿ ಮಾರಾಟಕ್ಕೆ ಬರುತ್ತದೆ. ಒಂದು, ಬಿಟಿ ಹತ್ತಿ ಬೀಜದ 475 ಗ್ರಾಂ ಪೊಟ್ಟಣ. ಬಿತ್ತಿದ ಮೇಲೆ ಗಿಡವೇ ತನ್ನ ಎಲೆ, ಮೊಗ್ಗು, ಕಾಯಿಗಳಲ್ಲಿ ಆ ವಿಷವನ್ನು ತಯಾರಿಸುತ್ತದೆ. ಇನ್ನೊಂದು, ಜೈವಿಕ ಕೀಟನಾಶಕ ಎಂದು ಬರೆದ ಪುಡಿ ಇಲ್ಲವೇ ದ್ರಾವಣ. ನೀರಿಗೆ ಬೆರೆಸಿ ಬೆಳೆಗೆ ಹೊಡೆಯುವಂಥದ್ದು. ಮೊದಲನೆಯದರ ಬಗ್ಗೆ ಕಾಲು ಶತಮಾನದಿಂದ ಜಗಳ ನಡೆದಿದೆ. ಎರಡನೆಯದಕ್ಕೆ ಅಂಥ ತಕರಾರಿಲ್ಲ, ಸಾವಯವ ಬೇಸಾಯದಲ್ಲೂ ಅದಕ್ಕೆ ಜಾಗವಿದೆ. ಆದರೆ ಅದೇ ಊರಿನಲ್ಲಿ ರೇಷ್ಮೆ ಹುಳು ಸಾಕುವವರ ಕಡೆಯಿಂದ ನೋಡಿದರೆ ಈ ಭಯದ ಲೆಕ್ಕ ಬಹುಮಟ್ಟಿಗೆ ತಿರುಗುಮುರುಗಾಗುತ್ತದೆ.

ಕಾರಣ ಇರುವುದು ಆ ವಿಷದ ಒಡಲಲ್ಲಿ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿಟಿ, ಎಂಬ ಈ ಮಣ್ಣಿನ ಬ್ಯಾಕ್ಟೀರಿಯಾ ಒಂದೇ ವಿಷ ಮಾಡುವುದಿಲ್ಲ. ಕ್ರೈ ಎಂದು ಕರೆಯುವ ಪ್ರೋಟೀನುಗಳ ದೊಡ್ಡ ಕುಟುಂಬವೇ ಅದರ ಬಳಿ ಇದೆ. ಹತ್ತಿಯಲ್ಲಿರುವುದು ಕ್ರೈ1ಎಸಿ ಮತ್ತು ಕ್ರೈ2ಎಬಿ. ಸಿಂಪಡಣೆಗೆ ಜಗತ್ತಿನಾದ್ಯಂತ ಹೆಚ್ಚು ಬಳಕೆಯಾಗಿರುವ ಎಚ್‌ಡಿ-1 ಎಂಬ ತಳಿಯಲ್ಲಿ ಕ್ರೈ1ಎಎ, ಕ್ರೈ1ಎಬಿ, ಕ್ರೈ1ಎಸಿ, ಕ್ರೈ2ಎಎ ಎಲ್ಲವೂ ಸೇರಿವೆ. ಕ್ರೈ1ಎಎ, ಕ್ರೈ1ಎಸಿಗಳ ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ. ರೇಷ್ಮೆ ಹುಳುವಿನ ಹೊಟ್ಟೆಯಲ್ಲಿ ಅದು ನಾನೂರು ಪಟ್ಟಿನ ವ್ಯತ್ಯಾಸ.

ಈ ನಾನೂರು ಪಟ್ಟು ಗೊತ್ತಾದದ್ದು 1989ರಲ್ಲಿ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗೆ, ಶಿವರೋವಾ ಮತ್ತು ಡೊನಾಲ್ಡ್ ಡೀನ್ ಎಂಬ ಮೂವರು ಕ್ರೈ1ಎಎ ಮತ್ತು ಕ್ರೈ1ಎಸಿಗಳನ್ನು ಶುದ್ಧಗೊಳಿಸಿ ರೇಷ್ಮೆ ಹುಳುಗಳ ಮೇಲೆ ಪರೀಕ್ಷಿಸಿದರು. ಮೊದಲನೆಯದು ಎರಡನೆಯದಕ್ಕಿಂತ 400 ಪಟ್ಟು ಹೆಚ್ಚು ವಿಷಕಾರಿ ಎಂದು ಕಂಡಿತು. ಎಲೆಕೋಸನ್ನು ತಿನ್ನುವ ಇನ್ನೊಂದು ಜಾತಿಯ ಹುಳುವಿನ ಮೇಲೆ ಫಲಿತಾಂಶ ಉಲ್ಟಾ: ಅಲ್ಲಿ ಕ್ರೈ1ಎಸಿಯೇ 9 ಪಟ್ಟು ಜೋರು. ಎರಡೂ ಪ್ರೋಟೀನುಗಳು ಬಹುಪಾಲು ಒಂದೇ ಥರ ಇರುವಾಗ ಈ ಪಕ್ಷಪಾತ ಎಲ್ಲಿಂದ ಬಂತು?

ಅದನ್ನು ಹುಡುಕಲು ಅವರು ಮಾಡಿದ್ದನ್ನು ಮಾವಿನ ತೋಟದವರು ಬೇಗ ಅರ್ಥಮಾಡಿಕೊಳ್ಳುತ್ತಾರೆ: ಕಸಿ. ಒಂದು ಜೀನಿನ ತುಂಡು ಕತ್ತರಿಸಿ ಇನ್ನೊಂದರ ಅದೇ ಜಾಗಕ್ಕೆ ಕೂಡಿಸಿದರು. ಹೀಗೆ ಹುಟ್ಟಿದ ಬೆರಕೆ ಪ್ರೋಟೀನುಗಳನ್ನು ಒಂದೊಂದಾಗಿ ಹುಳುಗಳಿಗೆ ತಿನ್ನಿಸಿದರು. ಯಾವ ತುಂಡು ಬಂದಾಗ ರೇಷ್ಮೆ ಹುಳು ಸಾಯುತ್ತದೆ, ಯಾವುದು ಹೋದಾಗ ಬದುಕುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾ ಹೋದರು. ಸಾವಿರದ ನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯಲ್ಲಿ 332ರಿಂದ 450ರವರೆಗಿನ ಭಾಗವೇ ರೇಷ್ಮೆ ಹುಳುವನ್ನು ಗುರುತು ಹಿಡಿಯುವ ಜಾಗ ಎಂದು ಆ ಪ್ರಯೋಗ ತೋರಿಸಿತು. ಒಂದು ಬ್ಯಾಕ್ಟೀರಿಯಾದ ವಿಷದಲ್ಲಿ ಯಾವ ಕೆಲಸ ಎಲ್ಲಿ ನಡೆಯುತ್ತದೆ ಎಂಬ ನಕ್ಷೆಯ ಮೊದಲ ಗೆರೆಗಳಲ್ಲಿ ಇದೂ ಒಂದು. ಆ ಗೆರೆ ಎಳೆಸಿದ್ದು ರೇಷ್ಮೆ ಹುಳುವಿನ ಕೈಯಲ್ಲಿ.

ಹಾಗೆ ನೋಡಿದರೆ ಬಿಟಿಯ ಕಥೆ ಆರಂಭವಾದದ್ದೇ ಹುಳುಮನೆಯಲ್ಲಿ. 1901ರಲ್ಲಿ ಜಪಾನಿನ ಇಶಿವಾತಾ ಶಿಗೆತಾನೆ ಥಟ್ಟನೆ ಸೊರಗಿ ಬಿದ್ದು ಸಾಯುತ್ತಿದ್ದ ರೇಷ್ಮೆ ಹುಳುಗಳಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ನಮ್ಮ ಕಡೆ ಸಾಕಣೆದಾರರು ಸಪ್ಪೆ ರೋಗ ಎಂದು ಕರೆಯುವ ಕಾಯಿಲೆಗಳ ಗುಂಪಿಗೆ ಸೇರುವಂಥದ್ದು ಅದು. ಹತ್ತು ವರ್ಷದ ಮೇಲೆ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಥುರಿಂಜಿಯಾ ಪ್ರಾಂತ್ಯದ ಹಿಟ್ಟಿನ ಪತಂಗದ ಹುಳುವಿನಲ್ಲಿ ಅದನ್ನೇ ಕಂಡರು, ಆ ಪ್ರಾಂತ್ಯದ ಹೆಸರೇ ಉಳಿಯಿತು. 1954ರಲ್ಲಿ ಕೆನಡಾದ ಥಾಮಸ್ ಆಂಗಸ್, ಬ್ಯಾಕ್ಟೀರಿಯಾದೊಳಗೆ ಕಾಣುವ ಸಣ್ಣ ಹರಳುಗಳೇ ವಿಷ ಎಂದು ಸಾಬೀತು ಮಾಡಿದ್ದೂ ರೇಷ್ಮೆ ಹುಳುವಿನ ಮೇಲೆಯೇ. ಸಾಕಣೆದಾರರ ಶತ್ರುವಾಗಿ ಪತ್ತೆಯಾದ ಜೀವಿ ಆಮೇಲೆ ಹೊಲದವರ ಮಿತ್ರನಾಯಿತು. ಎರಡೂ ಕಸುಬು ಒಂದೇ ಊರಲ್ಲಿರುವ ಕಡೆ ಇವೆರಡನ್ನೂ ಒಟ್ಟಿಗೆ ನೆನಪಿಡಬೇಕಾಗುತ್ತದೆ.

ಚಾಮರಾಜನಗರ ಅಂಥ ಜಿಲ್ಲೆ. ಗುಂಡ್ಲುಪೇಟೆಯ ಬೇಗೂರು, ತೆರಕಣಾಂಬಿ, ಹಂಗಳದ ಸುತ್ತ ಮುಂಗಾರಿಗೆ ಮುಂಚಿನ ಮಳೆಗೆ ಹತ್ತಿ, ಸೂರ್ಯಕಾಂತಿ ಬಿತ್ತುತ್ತಾರೆ. ಚೆಂಡುಹೂ, ಅರಿಶಿನ, ಈರುಳ್ಳಿ, ಮುಸುಕಿನ ಜೋಳ ಅಕ್ಕಪಕ್ಕದಲ್ಲಿರುತ್ತವೆ. ಪೂರ್ವಕ್ಕೆ ಹೋದರೆ ಚಾಮರಾಜನಗರ, ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲದ ರೇಷ್ಮೆ ಸೀಮೆ. ಹಿಪ್ಪುನೇರಳೆಯ ಹಿಂದಿನ ವಿಸ್ತಾರ ಈಗ ಇಲ್ಲ, ಆದರೂ ಗೂಡಿನ ಮಾರುಕಟ್ಟೆ ಇದೆ, ಸೊಪ್ಪು ಕೊಯ್ಯುವ ಮನೆಗಳಿವೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಹುಳುವಿಗೆ ಹಾಕುವ ಸೊಪ್ಪಿನಲ್ಲಿ ಸ್ವಲ್ಪ ಎಡವಟ್ಟಾದರೂ ಇಡೀ ಬೆಳೆ ಗೂಡು ಕಟ್ಟುವ ಚಂದ್ರಿಕೆ ಏರುವ ಮೊದಲೇ ಹೋಗುತ್ತದೆ ಎಂಬುದು ಈ ಮನೆಗಳಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಆ ಸೊಪ್ಪಿನ ಮೇಲೆ ಬಿಟಿ ಬಿದ್ದರೆ ಹುಳುವಿನೊಳಗೆ ಏನಾಗುತ್ತದೆ? ಮರಿಹುಳುಗಳ ಕರುಳು ಬಲು ಕ್ಷಾರ. ಆ ಕ್ಷಾರದಲ್ಲಿ ವಿಷದ ಹರಳು ಕರಗುತ್ತದೆ. ಕರುಳಿನದೇ ಜೀರ್ಣರಸ ಪ್ರೋಟೀನಿನ ಹಿಂದಿನ ಅರ್ಧವನ್ನು ತುಂಡರಿಸಿ ಹಾಕುತ್ತದೆ, ಉಳಿದ ಮುಂದಿನ ಅರ್ಧ ಕೆಲಸಕ್ಕಿಳಿಯುತ್ತದೆ. ಮನುಷ್ಯರ ಜಠರ ಆಮ್ಲದ್ದು. ಅಲ್ಲಿ ಈ ಪ್ರೋಟೀನು ಚೂರಾಗಿ ಜೀರ್ಣವಾಗುತ್ತದೆ, ಅದು ಹೋಗಿ ಕೂರಬೇಕಾದ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ.

ಕೆಲಸಕ್ಕಿಳಿದ ಆ ತುಂಡಿನ ರೂಪ ಮೊದಲು ಕಂಡದ್ದು 1991ರಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೇಡ್ ಲಿ, ಜೋ ಕ್ಯಾರಲ್, ಡೇವಿಡ್ ಎಲ್ಲಾರ್ ಕ್ಷ-ಕಿರಣದಿಂದ ಅದರ ಪರಮಾಣುಗಳ ಜೋಡಣೆಯನ್ನು ಬಿಡಿಸಿದರು. ಅವರದು ದುಂಬಿಗಳನ್ನು ಕೊಲ್ಲುವ ಕ್ರೈ3ಎ. 1995ರಲ್ಲಿ ರೇಷ್ಮೆ ಹುಳುವಿನ ಶತ್ರು ಕ್ರೈ1ಎಎಯ ಚಿತ್ರವೂ ಬಂತು. ಎರಡರಲ್ಲೂ ಮೂರು ಭಾಗ. ಮೊದಲ ಭಾಗದಲ್ಲಿ ಏಳು ಸುರುಳಿಗಳ ಕಂತೆ. ನಡುವೆ ಒಂದು ಸುರುಳಿ, ಅದನ್ನು ಸುತ್ತುವರಿದು ಆರು. ಕೋಶಪೊರೆಯನ್ನು ತೂರಿ ತೂತು ಕೊರೆಯುವ ಕೆಲಸ ಇದರದ್ದು. ಎರಡನೆಯ ಭಾಗದಲ್ಲಿ ಹಾಳೆಗಳಂತೆ ಮಡಿಚಿದ ಎಳೆಗಳು, ಅವುಗಳ ತುದಿಯಲ್ಲಿ ಹೊರಚಾಚಿದ ಕುಣಿಕೆಗಳು. ಯಾವ ಹುಳುವಿನ ಕರುಳಿಗೆ ಅಂಟಬೇಕು ಎಂದು ತೀರ್ಮಾನಿಸುವುದರಲ್ಲಿ ಈ ಕುಣಿಕೆಗಳ ಪಾಲು ದೊಡ್ಡದು. ಓಹಾಯೊದವರು ಗುರುತಿಸಿದ್ದ 332ರಿಂದ 450ರ ಜಾಗ ಸರಿಯಾಗಿ ಈ ಎರಡನೆಯ ಭಾಗದೊಳಗೇ ಬೀಳುತ್ತದೆ. ಚಿತ್ರ ಕಾಣುವ ಮೊದಲೇ, ಬರೀ ಹುಳುಗಳ ಸಾವು-ಬದುಕು ಎಣಿಸಿ ಅಷ್ಟು ನಿಖರವಾಗಿ ಕೈ ಇಟ್ಟಿದ್ದರು ಎಂಬುದು ಈ ವಿಜ್ಞಾನದ ಬಗ್ಗೆ ಗೌರವ ಹುಟ್ಟಿಸುವ ಸಂಗತಿ.

ಮೂರನೆಯ ಭಾಗವೂ ಸುಮ್ಮನೆ ಕೂತಿಲ್ಲ. ಕ್ರೈ1ಎಸಿಯ ಮೂರನೆಯ ಭಾಗ ಕರುಳಿನ ಪ್ರೋಟೀನುಗಳ ಮೇಲಿನ ಒಂದು ಸಕ್ಕರೆಯನ್ನು ಹಿಡಿಯುತ್ತದೆ. 1996ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಕ್ರೈ1ಎಬಿಗೆ ಬೇರೊಂದು ಕ್ರೈ ವಿಷದ ಮೂರನೆಯ ಭಾಗ ಕಸಿ ಮಾಡಿದಾಗ, ಅಷ್ಟಾಗಿ ಜಗ್ಗದಿದ್ದ ಎಲೆ ತಿನ್ನುವ ಹುಳುವಿಗೂ ಅದು ಮಾರಕವಾಯಿತು. ಹತ್ತಿಯೊಳಗಿನ ಕ್ರೈ1ಎಸಿ ಕೂಡ ಇಂಥ ಕಸಿಯ ಕೂಸೇ: ಅದರ ಮುಂಭಾಗ ಕ್ರೈ1ಎಬಿಯದು, ಉಳಿದದ್ದು ಕ್ರೈ1ಎಸಿಯದು. ಇಡೀ ಪ್ರೋಟೀನು ನಿಸರ್ಗದ ಕ್ರೈ1ಎಸಿಗೆ ತೀರಾ ಹತ್ತಿರವಾದದ್ದು ನಿಜ. ಆದರೂ 1989ರ ನಾನೂರು ಪಟ್ಟಿನ ಲೆಕ್ಕವನ್ನು ಕಣ್ಣುಮುಚ್ಚಿ ಹತ್ತಿಗೆ ಹೊಂದಿಸಬಾರದು. ಕ್ರೈ2ಎ ಬಳಗದ್ದು ಮತ್ತೊಂದೇ ದಾರಿ. ರೇಷ್ಮೆ ಹುಳುವಿನಲ್ಲೂ ಅದಕ್ಕೆ ಬಾಗಿಲಿದೆ.

ಇಷ್ಟೆಲ್ಲ ಗೊತ್ತಿರುವ ವಿಷವನ್ನು ರೈತರಿಗೆ ಮಾರುವಾಗ ಮಾತ್ರ ಬಿಟಿ ಎಂಬ ಎರಡಕ್ಷರದಲ್ಲಿ ಮುಗಿಸಿಬಿಡುತ್ತಾರೆ. ಇದು ತಪ್ಪು, ಮತ್ತು ಇದರ ಬೆಲೆಯನ್ನು ರೈತರು ಈಗಾಗಲೇ ತೆತ್ತಿದ್ದಾರೆ.

2002ರ ಮಾರ್ಚ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಮೂರು ಬಿಟಿ ಹೈಬ್ರಿಡ್‌ಗಳಿಗೆ ಒಪ್ಪಿಗೆ ಕೊಟ್ಟಾಗ ಹತ್ತಿಯಲ್ಲಿ ಇದ್ದದ್ದು ಕ್ರೈ1ಎಸಿ ಒಂದೇ. ಕ್ರೈ2ಎಬಿಯೂ ಸೇರಿದ ಎರಡನೇ ಪೀಳಿಗೆಯ ಬೀಜ 2006ರಲ್ಲಿ ಬಂತು. 2010ರ ಮಾರ್ಚ್‌ನಲ್ಲಿ, ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಕ್ರೈ1ಎಸಿಗೆ ಜಗ್ಗುತ್ತಿಲ್ಲ ಎಂದು ಬೀಜ ತಂತ್ರಜ್ಞಾನದ ಕಂಪನಿಯಾದ ಮಾನ್ಸಾಂಟೊ ತಾನೇ ಒಪ್ಪಿಕೊಂಡಿತು. ಹುಳು ಮಾಡಿದ್ದೇನು ಎಂದು ಆಮೇಲೆ ತಿಳಿಯಿತು. ವಿಷ ಅಂಟಿಕೊಳ್ಳುವ ಕ್ಯಾಡ್‌ಹೆರಿನ್ ಎಂಬ ಗ್ರಾಹಕವನ್ನೇ ಭಾರತದ ಗುಲಾಬಿ ಕಾಯಿಕೊರಕಗಳು ನಾನಾ ರೀತಿಯಲ್ಲಿ ಕೆಡಿಸಿಕೊಂಡಿವೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2018ರ ಇನ್ನೊಂದು ಅಧ್ಯಯನ, ಕ್ರೈ2ಎಬಿ ಹಿಡಿಯುವ ಎಬಿಸಿಎ2 ಎಂಬ ಪ್ರೋಟೀನು ಕೆಟ್ಟಿರುವುದನ್ನು ಗುರುತಿಸಿತು. ವಿಷ ಹಳೆಯದೇ, ಅದು ಕೂರುತ್ತಿದ್ದ ಜಾಗ ಬದಲಾಗಿತ್ತು. ರೇಷ್ಮೆ ಹುಳುವಿನಲ್ಲಿ ಇಂಥ ಬದಲಾವಣೆಗೆ ಬೇಕಾದದ್ದು ಎಷ್ಟು ಅಲ್ಪ ಎಂದು ಜಪಾನಿನ ಅತ್ಸುಮಿ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದರು: ಎಬಿಸಿಸಿ2 ಎಂಬ ಪ್ರೋಟೀನಿನ ಹೊರಮೈಯ ಒಂದು ಕುಣಿಕೆಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಹೆಚ್ಚಾಗಿ ಸೇರಿಕೊಂಡರೆ ಸಾಕು, ಕ್ರೈ1ಎಬಿ ಆ ಹುಳುವಿಗೆ ನಾಟುವುದಿಲ್ಲ.

ನಕ್ಷೆ ಕೈಯಲ್ಲಿದ್ದವರು ಇದಕ್ಕೆ ಪ್ರತಿಯಾಗಿ ಏನು ಮಾಡಬಹುದು ಎಂಬುದಕ್ಕೆ ಮೆಕ್ಸಿಕೋದ ಅಲೆಹಾಂದ್ರಾ ಬ್ರಾವೊ, ಮಾರಿಯೋ ಸೊಬೆರೋನ್ ಜೋಡಿಯ 2007ರ ಕೆಲಸ ನೋಡಬೇಕು. ಮೊದಲ ಭಾಗದ ತುದಿಯಲ್ಲಿರುವ ಒಂದನೆಯ ಸುರುಳಿಯನ್ನು ಜೀರ್ಣರಸ ಕತ್ತರಿಸಿದ ಮೇಲೆಯೇ ವಿಷದ ಕಣಗಳು ಗುಂಪುಗೂಡುತ್ತವೆ, ಆ ಕತ್ತರಿಕೆಗೆ ಕ್ಯಾಡ್‌ಹೆರಿನ್ನಿನ ನೆರವು ಬೇಕು ಎಂಬುದು ಅವರ ತಿಳಿವು. ಹಾಗಾದರೆ ಆ ಸುರುಳಿಯನ್ನು ಮೊದಲೇ ತೆಗೆದುಬಿಟ್ಟರೆ? ತೆಗೆದರು. ಕ್ಯಾಡ್‌ಹೆರಿನ್ ಕೆಡಿಸಿಕೊಂಡು ಗೆದ್ದಿದ್ದ ಗುಲಾಬಿ ಕಾಯಿಕೊರಕ ಆ ಹೊಸ ರೂಪಕ್ಕೆ ಸತ್ತಿತು. ಪ್ರಯೋಗಶಾಲೆಯ ಗೆಲುವು ಹೊಲದ ಗೆಲುವಲ್ಲ ಎಂಬುದು ಸರಿ. ಆದರೆ ಕುರುಡಾಗಿ ವಿಷ ಬದಲಿಸುವುದಕ್ಕೂ ಯಾವ ಕೀಲು ಕೆಟ್ಟಿದೆ ಎಂದು ತಿಳಿದು ಅದನ್ನೇ ಸರಿಪಡಿಸುವುದಕ್ಕೂ ಎಷ್ಟು ದೂರವಿದೆ ಎಂದು ಇದು ತೋರಿಸುತ್ತದೆ.

ನಮ್ಮಲ್ಲಿ ಬಿದ್ದ ಪೆಟ್ಟಿಗೆ ಇನ್ನೂ ಒಂದು ಕಾರಣವಿದೆ. ಭಾರತದಲ್ಲಿ ಬಿಟಿ ಬಂದದ್ದು ಬಹುಪಾಲು ಹೈಬ್ರಿಡ್ ಬೀಜದಲ್ಲಿ. ಹೈಬ್ರಿಡ್ ಗಿಡದ ಕಾಯಿಯೊಳಗಿನ ಬೀಜಗಳೆಲ್ಲ ಒಂದೇ ಥರ ಇರುವುದಿಲ್ಲ. ಕೆಲವದರಲ್ಲಿ ಒಂದು ವಿಷ, ಕೆಲವದರಲ್ಲಿ ಎರಡು, ಕೆಲವದರಲ್ಲಿ ಯಾವುದೂ ಇಲ್ಲ. ಗುಲಾಬಿ ಕಾಯಿಕೊರಕ ಬದುಕುವುದೇ ಕಾಯಿಯೊಳಗಿನ ಬೀಜ ತಿಂದು. ಹುಳುವಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಮನೆ ಸಿಗದು. ಹಾಗಾಗಿಯೇ ಸುತ್ತ ಬಿಟಿಯಲ್ಲದ ಹತ್ತಿಯ ಆಶ್ರಯ ಸಾಲುಗಳು ಬೇಕಿದ್ದವು, ಅಲ್ಲಿ ಬೆಳೆದ ಬಡಪಾಯಿ ಪತಂಗಗಳು ಗಟ್ಟಿ ಪತಂಗಗಳ ಜೊತೆ ಕೂಡಿ ಸಂತಾನವನ್ನು ಮತ್ತೆ ಮೆತ್ತಗೆ ಮಾಡಲಿ ಎಂದು. ಹಿಂದೆ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪೊಟ್ಟಣ ಬರುತ್ತಿತ್ತು. ಅದು ಯಾಕೆ ಎಂದು ಮನಸ್ಸಿಗೆ ನಾಟುವಂತೆ ಹೇಳಿದವರು ಕಡಿಮೆ, ಬಿತ್ತಿದವರೂ ಕಡಿಮೆ. ಈಗ ಸಾದಾ ಬೀಜವನ್ನು ಪೊಟ್ಟಣದೊಳಗೇ ಬೆರೆಸಿ ಕೊಡುತ್ತಾರೆ, ರೈತರು ಕೇಳಬೇಕಾದ್ದೂ ತಿಳಿಯಬೇಕಾದ್ದೂ ಇಲ್ಲ ಎಂಬಂತೆ. ಅಮೆರಿಕ ಬಿಟಿ ಹತ್ತಿಯ ಜೊತೆಗೆ ಸಂತಾನಶಕ್ತಿ ಕಳೆದ ಪತಂಗಗಳನ್ನೂ ಬಿಟ್ಟು 2018ರಲ್ಲಿ ತನ್ನ ಹತ್ತಿ ಸೀಮೆಯಿಂದ ಈ ಹುಳುವೇ ತೊಲಗಿತೆಂದು ಘೋಷಿಸಿತು. ಹುಳು ಅದೇ, ವಿಷ ಅದೇ.

ಜಗಳ ಮಾಡಿದವರ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅದರ ಒಂದು ಬೇರು ಇದೇ ಜಿಲ್ಲೆಯಲ್ಲಿದೆ. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ರಾಯಚೂರು ಸೀಮೆಯಲ್ಲಿ ಬಿಟಿ ಹತ್ತಿಯ ಪ್ರಯೋಗ ತಾಕುಗಳಿಗೆ ಬೆಂಕಿ ಹಚ್ಚಿತು. ಚಾಮರಾಜನಗರದ ಹೊಂಡರಬಾಳು ಬಳಿಯ ಅಮೃತಭೂಮಿ ಅದೇ ಚಳವಳಿಯ ಕನಸಿನಿಂದ ಹುಟ್ಟಿದ ಕೇಂದ್ರ. ಬೀಜದ ಒಡೆತನ ಯಾರದು, ರೈತರಿಗೆ ಹೇಳದೆ ಅವರ ಹೊಲದಲ್ಲೇ ಪ್ರಯೋಗ ಮಾಡುವುದು ಸರಿಯೇ ಎಂದು ಆ ಚಳವಳಿ ಎತ್ತಿದ ಪ್ರಶ್ನೆಗಳು ಅಂದೂ ನ್ಯಾಯವಾಗಿದ್ದವು, ಇಂದೂ ಹಾಗೇ ಇವೆ. ಆದರೆ ಆ ಕಾವಿನಲ್ಲಿ ಪ್ರೋಟೀನಿನ ಬಗ್ಗೆ ಮಾತಾಡಲು ಯಾರಿಗೂ ಪುರುಸೊತ್ತಾಗಲಿಲ್ಲ. ಒಂದು ಕಡೆಯವರಿಗೆ ಅದು ಬರೀ ವಿಷ, ಇನ್ನೊಂದು ಕಡೆಯವರಿಗೆ ಪೂರ್ತಿ ಸುರಕ್ಷಿತ. ಯಾವ ಕ್ರೈ, ಯಾವ ಹುಳುವಿಗೆ, ಯಾವ ಬೆಳೆಯಲ್ಲಿ ಎಂಬ ಮೂರು ಪ್ರಶ್ನೆ ಬಿಟ್ಟು ಆಡಿದ ಮಾತು ಎರಡೂ ಕಡೆ ಅರೆಬರೆಯೇ.

ಆ ಮೂರು ಪ್ರಶ್ನೆಗಳನ್ನು ಚಾಮರಾಜನಗರಕ್ಕೆ ಹಾಕಿ ನೋಡಿದರೆ ಉತ್ತರಗಳು ಬೇರೆಬೇರೆ ಬರುತ್ತವೆ. ಬಿಟಿ ಹತ್ತಿ ಪಕ್ಕದಲ್ಲಿದ್ದರೆ ಹಿಪ್ಪುನೇರಳೆಗೆ ಭಯ ಕಡಿಮೆ. ಹತ್ತಿಯ ಪರಾಗ ಭಾರ, ಅಂಟು. ಗಾಳಿಯಲ್ಲಿ ದೂರ ಹಾರುವುದಿಲ್ಲ, ರೇಷ್ಮೆ ಹುಳು ಹತ್ತಿ ಎಲೆ ತಿನ್ನುವುದೂ ಇಲ್ಲ. ಮುಸುಕಿನ ಜೋಳದ್ದು ಹಾಗಲ್ಲ. ಅದರ ಪರಾಗವನ್ನು ಸಾಗಿಸುವುದೇ ಗಾಳಿ. ಬಿಟಿ ಜೋಳ ಬೆಳೆಯಲು ಭಾರತದಲ್ಲಿ ಇನ್ನೂ ಅನುಮತಿಯಿಲ್ಲ. ಮುಂದೆ ಯಾರಾದರೂ ಕೇಳಿಕೊಂಡು ಬಂದರೆ, ಅದರಲ್ಲಿರುವುದು ಯಾವ ಕ್ರೈ ಎಂಬುದು ಈ ಜಿಲ್ಲೆಗೆ ಮೊದಲ ಪ್ರಶ್ನೆಯಾಗಬೇಕು. ಚೀನಾದವರು ಬಿಟಿ ಭತ್ತದ ಪರಾಗವನ್ನು ಹಿಪ್ಪುನೇರಳೆ ಸೊಪ್ಪಿನ ಮೇಲೆ ಹಾಕಿ ರೇಷ್ಮೆ ಹುಳುವಿಗೆ ತಿನ್ನಿಸಿ ನೋಡಿದ್ದು ಇದೇ ಕಾಳಜಿಯಿಂದ.

ಇವತ್ತಿನ ನಿಜವಾದ ಚಿಂತೆ ಸಿಂಪಡಣೆಯದು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಅಮೆರಿಕದ ಸೈನಿಕ ಹುಳು ದೇಶದಲ್ಲೇ ಮೊದಲ ಸಲ ಕಾಣಿಸಿತು, ಬಲುಬೇಗ ಎಲ್ಲೆಡೆ ಹರಡಿತು. ಅದಕ್ಕೆ ಶಿಫಾರಸಾಗುವ ಜೈವಿಕ ಮದ್ದುಗಳಲ್ಲಿ ಬಿಟಿಯೂ ಒಂದು. ರಾಸಾಯನಿಕಕ್ಕಿಂತ ಇದು ಜೇನಿಗೂ ಮನುಷ್ಯರಿಗೂ ಎಷ್ಟೋ ವಾಸಿ; ಅದನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಆ ದ್ರಾವಣದಲ್ಲಿ ರೇಷ್ಮೆ ಹುಳುವಿಗೆ ಅತ್ಯಂತ ಮಾರಕವಾದ ಕ್ರೈ1ಎಎ ಇರಬಹುದು, ಸಿಂಪಡಿಸುವ ಸಂಜೆ ಗಾಳಿ ಹಿಪ್ಪುನೇರಳೆಯ ಕಡೆಗೆ ಬೀಸುತ್ತಿರಬಹುದು. ಬಿಸಿಲಿಗೆ ಬಿಟಿಯ ಶಕ್ತಿ ಕೆಲವು ದಿನಗಳಲ್ಲಿ ಕುಂದುತ್ತದೆ. ಹುಳುಮನೆಯಲ್ಲಿ ಆ ಕೆಲವು ದಿನ ಎಂದರೆ ಒಂದು ಜ್ವರಕ್ಕೂ ಇನ್ನೊಂದು ಜ್ವರಕ್ಕೂ ನಡುವಿನ ಅಷ್ಟೂ ಮೇವು.

ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ಬಿಟಿ ಸಿಂಪಡಣೆಯ ಪ್ರತಿ ಡಬ್ಬಿಯ ಮೇಲೆ ತಳಿ ಯಾವುದು, ಅದರಲ್ಲಿರುವ ಕ್ರೈ ಯಾವುವು, ಹಿಪ್ಪುನೇರಳೆಯಿಂದ ಎಷ್ಟು ದೂರ ಇರಬೇಕು ಎಂಬುದನ್ನು ಓದುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಬೇಕು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಗೆ ಚಾಮರಾಜನಗರ ದೂರವಲ್ಲ. ಇಲ್ಲಿನ ಮನೆಗಳು ಸಾಕುವ ಮಿಶ್ರತಳಿ, ದ್ವಿತಳಿ ಹುಳುಗಳ ಮೇಲೆ ಮಾರುಕಟ್ಟೆಯ ಒಂದೊಂದು ಬಿಟಿ ಮದ್ದನ್ನೂ ಹತ್ತಿಯಲ್ಲಿರುವ ಪ್ರೋಟೀನುಗಳನ್ನೂ ಪರೀಕ್ಷಿಸಿ ಫಲಿತಾಂಶವನ್ನು ಗೂಡಿನ ಮಾರುಕಟ್ಟೆಯ ಗೋಡೆಗೆ ಅಂಟಿಸಬಹುದು. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಗುಂಡ್ಲುಪೇಟೆಯ ಹತ್ತಿ ಕಾಯಿಗಳಿಂದ ಪ್ರತಿ ವರ್ಷ ಗುಲಾಬಿ ಕಾಯಿಕೊರಕ ಆಯ್ದು ಕಳಿಸಿ, ಅವು ಕ್ರೈ1ಎಸಿಗೆ ಎಷ್ಟು, ಕ್ರೈ2ಎಬಿಗೆ ಎಷ್ಟು ಸಾಯುತ್ತಿವೆ ಎಂಬ ಲೆಕ್ಕವನ್ನು ಮುಂದಿನ ಬಿತ್ತನೆಗೆ ಮೊದಲೇ ರೈತರ ಕೈಗೆ ಕೊಡಬಹುದು. ಬೀಜದ ಪೊಟ್ಟಣ ಕೊಳ್ಳಬೇಕೇ, ಸಾದಾ ಹತ್ತಿಗೆ ಮರಳಬೇಕೇ, ಕಡೇ ಕೊಯ್ಲನ್ನು ಎಷ್ಟು ಬೇಗ ಮುಗಿಸಿ ಕಡ್ಡಿ ಕಿತ್ತು ಹಾಕಬೇಕು ಎಂಬುದನ್ನು ಆ ಲೆಕ್ಕ ನೋಡಿ ತೀರ್ಮಾನಿಸಲು ಗುಂಡ್ಲುಪೇಟೆಯ ಬೇಸಾಯಗಾರರಿಗೆ ಬರುತ್ತದೆ. ಲೆಕ್ಕ ಅವರ ಕೈ ಸೇರಬೇಕಾದದ್ದು ಭರಣಿ ಮಳೆಗೆ ಮೊದಲು.